ಸಾನ್ಸ್‌ನ ತಂತಿ, ಮಾವನ ಪದ

ಕಾರ್ಕಳದಲ್ಲಿ ನನ್ನ ಸೋದರಮಾವನ ಮನೆಯ ಚಾವಡಿಯಲ್ಲಿ ಕೂತು ಗಿಟಾರ್ ನುಡಿಸುತ್ತಿದ್ದೆ. ಆಟಿ ತಿಂಗಳ ಮಳೆ, ಕರೆಂಟು ಹೋಗಿತ್ತು, ಬೇರೆ ಕೆಲಸವೂ ಇರಲಿಲ್ಲ. ನುಡಿಸುತ್ತಿದ್ದದ್ದು 'ಕನಾರಿಯೋಸ್' ಅಂತ ಒಂದು ಹಳೇ ಸ್ಪ್ಯಾನಿಷ್ ಕುಣಿತದ ಹಾಡು. ಆರು ಮಾತ್ರೆಯ ಲಯ. ಒಮ್ಮೆ ಮೂರು-ಮೂರಾಗಿ ಒಡೆಯುತ್ತದೆ, ಮರುಗಳಿಗೆಗೆ ಎರಡು-ಎರಡು-ಎರಡಾಗಿ. ಮಾವ ಹವ್ಯಾಸಿ ಭಾಗವತರು. ತೊಡೆಯ ಮೇಲೆ ಬೆರಳಲ್ಲೇ ಮದ್ದಳೆ ಬಾರಿಸುತ್ತಾ ಎರಡನೇ ಸುತ್ತಿಗೆ ಅದನ್ನು ಹಿಡಿದುಬಿಟ್ಟರು.

"ಎಷ್ಟು ಹಳೇದು ಇದು?"

"1674ರಲ್ಲಿ ಅಚ್ಚಾದ ಪುಸ್ತಕದಲ್ಲಿ ಉಂಟು ಮಾವ."

"ಅಷ್ಟು ಹಳೇದು ನೀನು ಯಾರ ಬಾಯಿಂದ ಕಲಿತದ್ದು?"

"ಬಾಯಿಂದ ಅಲ್ಲ, ಪುಸ್ತಕ ನೋಡಿಯೇ."

ಮಾವ ನಕ್ಕರು. "ಪುಸ್ತಕದಲ್ಲಿ ಎಂತ ಬರೀಲಿಕ್ಕೆ ಆಗ್ತದೆ ಮಾರಾಯ? ನಮ್ಮ ಪ್ರಸಂಗದ ಪುಸ್ತಕವೂ ಉಂಟಲ್ಲ. ಅದನ್ನು ನೋಡಿ ಒಂದು ಪದ ಹೇಳು ನೋಡುವ."

ಅವತ್ತು ತಮಾಷೆ ಅಂತ ಬಿಟ್ಟೆ. ಆಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ಆ 1674ರ ಪುಸ್ತಕದ ಕತೆ ಹೇಳುತ್ತೇನೆ. ಬರೆದವನು ಗಾಸ್ಪರ್ ಸಾನ್ಸ್, ಅಚ್ಚಾದದ್ದು ಸ್ಪೇನಿನ ಸಾರಾಗೋಸಾದಲ್ಲಿ. ಗಿಟಾರ್ ಕಲಿಯುವವರಿಗಾಗಿ ಬರೆದ ಕೈಪಿಡಿ. ಅದರಲ್ಲಿ ಈಗಿನ ಹಾಗೆ ಸ್ವರಲಿಪಿ ಇಲ್ಲ, ಟ್ಯಾಬ್ಲೇಚರ್ ಇದೆ. ಅಂದರೆ ತಂತಿಗೊಂದು ಗೆರೆ, ಗೆರೆಯ ಮೇಲೆ ಅಂಕಿ. ಯಾವ ತಂತಿಯಲ್ಲಿ ಎಷ್ಟನೇ ಫ್ರೆಟ್ ಒತ್ತಬೇಕು ಅಂತ ಅದು ಹೇಳುತ್ತದೆ. ಹೊರಡುವ ಸ್ವರ ಯಾವುದು ಅಂತ ಹೇಳುವುದಿಲ್ಲ. ಅದು ನೀವು ಕಟ್ಟಿದ ತಂತಿಯ ಮೇಲೆ ಹೋಗುತ್ತದೆ.

ಇಲ್ಲಿದೆ ಮಜಾ. ಆಗಿನ ಗಿಟಾರಿಗೆ ಆರು ತಂತಿ ಇರಲಿಲ್ಲ, ಐದು ಜೋಡಿ ಇದ್ದವು, ಕರುಳಿನ ತಂತಿ. ನಾಲ್ಕನೇ ಮತ್ತು ಐದನೇ ಜೋಡಿಗೆ ದಪ್ಪ ತಂತಿಯನ್ನೂ ಕಟ್ಟಬಹುದು, ತೆಳು ತಂತಿಯನ್ನೂ ಕಟ್ಟಬಹುದು. ದಪ್ಪ ಕಟ್ಟಿದರೆ ಸ್ವರ ಕೆಳಗಿನ ಸ್ಥಾಯಿಯಲ್ಲಿ, ತೆಳು ಕಟ್ಟಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ. ಸಾನ್ಸ್ ಇದನ್ನು ಸ್ಪಷ್ಟವಾಗಿಯೇ ಹೇಳಿದ್ದಾನೆ: ಗದ್ದಲದ ಮೀಟು, ಹಾಡಿಗೆ ಸಾಥ್ ಇವಕ್ಕೆಲ್ಲ ದಪ್ಪ ತಂತಿ ಆದೀತು, ಬಿಡಿ ಬಿಡಿಯಾಗಿ ನಾಜೂಕಾಗಿ ನುಡಿಸುವವರಿಗೆ ತೆಳುವೇ ಒಳ್ಳೆಯದು. ತೆಳು ಕಟ್ಟಿದಾಗ ಐದನೇ ಜೋಡಿ ಮೂರನೆಯದಕ್ಕಿಂತ ಮೇಲೆ ನುಡಿಯುತ್ತದೆ. ಮೂರನೆಯದೇ ಎಲ್ಲಕ್ಕಿಂತ ಕೆಳಗಿನದಾಗುತ್ತದೆ. ಒಂದೇ ಹಾಳೆ, ಒಂದೇ ಅಂಕಿಗಳು, ಕಿವಿಗೆ ಬೀಳುವ ಧಾಟಿ ಎರಡು.

ನಾನು ಕಲಿತದ್ದು ಇದ್ಯಾವುದೂ ಗೊತ್ತಿಲ್ಲದೆ. ಕಾಪುವಿನಲ್ಲಿ ಬೆಳೆದವನಿಗೆ ಗಿಟಾರ್ ಅಂದರೆ ಶಂಕರಪುರದ ಕಡೆಯ ಗೆಳೆಯರು ಇಗರ್ಜಿಯ ಹಾಡಿಗೆ ಮೀಟುತ್ತಿದ್ದ ನಾಲ್ಕು ಕಾರ್ಡುಗಳು, ಅಷ್ಟೆ. ಮಣಿಪಾಲಕ್ಕೆ ಕೆಲಸಕ್ಕೆ ಬಂದ ಮೇಲೆ, ದೂರದೂರಿಂದ ಓದಲು ಬಂದ ಹುಡುಗರ ಸಹವಾಸದಲ್ಲಿ ನೈಲಾನ್ ತಂತಿಯ ಗಿಟಾರ್, ಸ್ವರಲಿಪಿಯ ಪುಸ್ತಕ ಕೈಗೆ ಬಂದವು. ಆ ಪುಸ್ತಕದಲ್ಲಿ ಸಾನ್ಸ್‌ನ ಅಂಕಿಗಳನ್ನು ಇಪ್ಪತ್ತನೇ ಶತಮಾನದ ಯಾರೋ ಒಬ್ಬರು ಈಗಿನ ಆರು ತಂತಿಗೆ ಹೊಂದುವ ಹಾಗೆ ಸ್ವರ ಮಾಡಿ, ಕೆಳಗೆ ಗಂಭೀರವಾದ ಮಂದ್ರ ಸ್ವರಗಳನ್ನೂ ಸೇರಿಸಿ ಕೊಟ್ಟಿದ್ದರು. ನಾನು ಅದನ್ನೇ ಸಾನ್ಸ್ ಅಂದುಕೊಂಡು ಆರೇಳು ವರ್ಷ ನುಡಿಸಿದೆ.

ಮಾವ ನಕ್ಕ ಮೇಲೆ ಒಂದು ಭಾನುವಾರ ಧೈರ್ಯ ಮಾಡಿದೆ. ಐದನೇ ತಂತಿ ತೆಗೆದು ಆ ಜಾಗಕ್ಕೆ ಇನ್ನೊಂದು ಎರಡನೇ ತಂತಿ ಹಾಕಿ ಒಂದು ಸ್ವರ ಇಳಿಸಿದೆ. ನಾಲ್ಕನೆಯದರ ಜಾಗಕ್ಕೆ ಇನ್ನೊಂದು ಮೊದಲ ತಂತಿ, ಅದನ್ನೂ ಒಂದು ಸ್ವರ ಇಳಿಸಿದೆ. ದಪ್ಪ ತಂತಿಗೆ ಕೊರೆದ ಗಾಡಿಯಲ್ಲಿ ತೆಳು ತಂತಿ ಜಾರಾಡುತ್ತದೆ, ಅದಕ್ಕೆ ಕಾಗದದ ಚೂರು ಮಡಚಿ ತುರುಕಿದೆ. ಆಮೇಲೆ ಹಳೇ ಅಂಕಿಗಳನ್ನು ನೋಡಿ ನುಡಿಸಿದೆ. ಪುಸ್ತಕದವರು ಮಂದ್ರಕ್ಕೆ ಧುಮುಕಿಸಿದ್ದ ಸ್ವರಗಳು ಪಕ್ಕದ ಸ್ವರದ ಬಗಲಲ್ಲೇ ಬಂದು ನಿಂತವು. ಒಂದರ ಮೇಲೊಂದು ಹೊಯ್ದಾಡುತ್ತಾ, ದೇವಸ್ಥಾನದ ಸಣ್ಣ ಗಂಟೆಗಳ ಸಾಲನ್ನು ಕೈಯಿಂದ ಸವರಿದ ಹಾಗೆ. ಸ್ಪ್ಯಾನಿಷಿನವರು ಈ ನಾದಕ್ಕೆ ಇಟ್ಟ ಹೆಸರೂ ಪುಟ್ಟ ಗಂಟೆ ಅಂತಲೇ. ಗಾಂಭೀರ್ಯ ಎಲ್ಲ ಹೋಗಿ ಕುಣಿತ ಉಳಿಯಿತು.

ಆಗ ಮಾವನ ಎರಡನೇ ಮಾತು, ಪ್ರಸಂಗದ ಪುಸ್ತಕದ್ದು, ನೆನಪಾಯಿತು. ನಮ್ಮೂರ ಮನೆಗಳಲ್ಲಿ ಉಡುಪಿಯ ಪಾವಂಜೆ ಗುರುರಾಯರ ಅಂಗಡಿಯ ಪ್ರಸಂಗ ಪುಸ್ತಕಗಳು ಒಂದೆರಡಾದರೂ ಇರುತ್ತವೆ. ತೆರೆದು ನೋಡಿ. ಪದದ ತಲೆಯ ಮೇಲೆ 'ಮಾರವಿ, ಏಕತಾಳ', 'ಘಂಟಾರವ, ಏಕತಾಳ' ಅಂತ ಇರುತ್ತದೆ. ಕೆಳಗೆ ಸಾಹಿತ್ಯ. ಅಷ್ಟೆ. ಎಲ್ಲಿಂದ ಎತ್ತಬೇಕು, ಎಷ್ಟು ನಿಧಾನ, ಎಲ್ಲಿ ಚೆಂಡೆಗೆ ಬಿಡಬೇಕು, ಯಾವುದೂ ಇಲ್ಲ. ಕರ್ನಾಟಕ ಸಂಗೀತ ಗೊತ್ತಿದ್ದವರು ರಾಗದ ಹೆಸರು ಹಿಡಿದು ಹಾಡಬಹುದು ಅಂದುಕೊಂಡರೆ ಅದೂ ತಪ್ಪುತ್ತದೆ. ಎಷ್ಟೋ ಕಡೆ ಹೆಸರು ಒಂದೇ, ಆಟದಲ್ಲಿ ಹಾಡುವ ಸ್ವರದ ದಾರಿ ಬೇರೆ. ಸಾನ್ಸ್‌ನ ಹಾಳೆ ಬೆರಳು ಹೇಳಿ ಸ್ವರ ಬಿಟ್ಟಿತು. ನಮ್ಮ ಪುಸ್ತಕ ಹೆಸರು ಹೇಳಿ ಸ್ವರ ಬಿಟ್ಟಿದೆ. ಬಿಟ್ಟದ್ದನ್ನು ತುಂಬುವುದಕ್ಕೆ ಅಲ್ಲಿ ತಂತಿ ಕಟ್ಟುವವನು ಬೇಕು, ಇಲ್ಲಿ ಬಾಯಿ ಬೇಕು.

ಈ ಸಂಕಟವನ್ನು ಕಾಗದದ ಮೇಲಿಟ್ಟು ಕೂತು ಕೆಲಸ ಮಾಡಿದವರು ಶಿವರಾಮ ಕಾರಂತರು. ಹಳೇ ಪ್ರಸಂಗಗಳ ತಲೆಬರಹದಲ್ಲಿರುವ ರಾಗಗಳನ್ನು ಪಟ್ಟಿ ಮಾಡಿ, ಊರೂರಿನ ಭಾಗವತರಿಂದ ಹಾಡಿಸಿ, ಹೆಸರು ಉಳಿದು ಹಾಡು ಹೋದವು ಎಷ್ಟು ಅಂತ ಹುಡುಕುತ್ತಾ ಹೋದರು. ಅವರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಕು.ಶಿ. ಹರಿದಾಸ ಭಟ್ಟರ ಜೊತೆ ಸೇರಿ ಯಕ್ಷಗಾನ ಕೇಂದ್ರ ಶುರುವಾಯಿತು. ಅದೇ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತು ತೆಗೆದುಹಾಕಿದರು, ವಯೊಲಿನ್ ತಂದರು, ಸ್ಯಾಕ್ಸೋಫೋನನ್ನೂ ತಂದರು! ಹಳೆಯದು ಹೋಗುತ್ತಿದೆ ಅಂತ ಹುಡುಕಾಡಿದ ಮನುಷ್ಯನೇ ಹೀಗೆ ಮಾಡಬಹುದಾ ಅಂತ ಬೈದವರು ಕಡಿಮೆ ಅಲ್ಲ. ನಮ್ಮ ಮಾವನೂ ಬೈದವರೇ. "ಅರ್ಥ ಇಲ್ಲದ ಆಟ ಎಂತ ಆಟ?" ಅಂತ. ನನಗನಿಸುವುದು ಬೇರೆ. ಕಾರಂತರು ಬದಲಾಯಿಸಿದ್ದನ್ನು ಬದಲಾಯಿಸಿದೆ ಅಂತಲೇ ಎದುರು ನಿಂತು ಹೇಳಿದರು. ಒಪ್ಪುವವರು ಒಪ್ಪಿ, ಬಿಡುವವರು ಬಿಡಿ. ಹೇಳದೆ ಬದಲಾಯಿಸುವವರ ವಿಷಯ ಮುಂದೆ ಬರುತ್ತದೆ.

ಗಿಟಾರಿಗೆ ವಾಪಸು. ಸಾನ್ಸ್ ಆಗಿ ನೂರು ಚಿಲ್ಲರೆ ವರ್ಷಕ್ಕೆ ಬಾರ್ಸಿಲೋನಾದಲ್ಲಿ ಫರ್ನಾಂದೊ ಸೋರ್ ಹುಟ್ಟಿದ (1778–1839). ಅವನು ಬರೆಯುವ ಹೊತ್ತಿಗೆ ಗಿಟಾರಿಗೆ ಆರು ಒಂಟಿ ತಂತಿ ಬಂದಿತ್ತು, ಬರವಣಿಗೆಯೂ ಸ್ವರಲಿಪಿಗೆ ಬಂದಿತ್ತು. ಇನ್ನಾದರೂ ಜಗಳ ಮುಗಿಯಿತು ಅಂತೀರಾ? ಇಲ್ಲ. ಸೋರ್ ಉಗುರು ತಾಗಿಸದೆ ಬೆರಳ ತುದಿಯ ಮಾಂಸದಲ್ಲಿ ನುಡಿಸುತ್ತಿದ್ದ. ಅವನ ಗೆಳೆಯ ಅಗ್ವಾದೋ ಉಗುರಿನಲ್ಲಿ. ಇಬ್ಬರೂ ಪ್ಯಾರಿಸಿನಲ್ಲಿದ್ದಾಗ ಒಟ್ಟಿಗೆ ನುಡಿಸುತ್ತಿದ್ದರು. ಸೋರ್ ಇಬ್ಬರಿಗಾಗಿಯೇ 'ಇಬ್ಬರು ಗೆಳೆಯರು' ಅಂತ ಒಂದು ಕೃತಿಯನ್ನೂ ಬರೆದ. ಉಗುರು ಬೇಕೋ ಬೇಡವೋ ಅಂತ ಆ ಹಾಳೆಯಲ್ಲಿ ಎಲ್ಲೂ ಕಾಣುವುದಿಲ್ಲ. ಆದರೆ ಉಗುರಿನ ನಾದ ಕಂಚಿನದು, ಮಾಂಸದ ನಾದ ಮರದ್ದು.

ನೂರು ವರ್ಷ ಬಿಟ್ಟು ಆಂದ್ರೆಸ್ ಸೆಗೋವಿಯಾ (1893–1987) ಬಂದ. ಗಿಟಾರನ್ನು ದೊಡ್ಡ ಸಭಾಂಗಣಕ್ಕೆ ಏರಿಸಿದವನು. ಮೈಕು ಬೇಡ ಅಂದವನು. ಸಾವಿರಾರು ಜನರ ಎದುರು ಮೈಕಿಲ್ಲದೆ ಕೇಳಿಸಬೇಕಾದರೆ ಉಗುರು ಬೇಕು, ಗಟ್ಟಿ ತಂತಿ ಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಕರುಳಿನ ತಂತಿ ಸಿಗುವುದು ಕಷ್ಟವಾಗಿ, ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ನೈಲಾನ್ ತಂತಿ ಮಾಡಿದಾಗ ಸೆಗೋವಿಯಾ ಅದನ್ನು ಹಿಡಿದುಕೊಂಡ. 1945ರಲ್ಲಿ ಸೋರ್‌ನ ಇಪ್ಪತ್ತು ಅಭ್ಯಾಸಗಳನ್ನು ಆಯ್ದು ಅಚ್ಚು ಹಾಕಿಸಿದ. ಲೋಕದ ಎಲ್ಲ ಗಿಟಾರ್ ವಿದ್ಯಾರ್ಥಿಗಳ ಹಾಗೆ ನಾನೂ ಅದರಿಂದಲೇ ಕಲಿತೆ. ಅದರಲ್ಲಿನ ಐದನೆಯದು ಎಷ್ಟು ಸಲ ನುಡಿಸಿದ್ದೇನೋ ಲೆಕ್ಕ ಇಲ್ಲ. ಆಮೇಲೆ ಬ್ರಯನ್ ಜೆಫರಿ ಅನ್ನುವ ವಿದ್ವಾಂಸರು ಸೋರ್‌ನ ಕಾಲದ ಮುದ್ರಣಗಳನ್ನೇ ಇದ್ದ ಹಾಗೆ ಮತ್ತೆ ತೆಗೆಸಿದರು. ಪಕ್ಕಪಕ್ಕ ಇಟ್ಟು ನೋಡಿದಾಗ ಸೆಗೋವಿಯಾ ಬೆರಳುಗಳನ್ನು ಬದಲಾಯಿಸಿದ್ದು ಹಾಗಿರಲಿ, ಕೆಲವು ಕಡೆ ಸ್ವರವನ್ನೇ ಬದಲಾಯಿಸಿದ್ದು ಕಾಣುತ್ತದೆ. ಇಲ್ಲಿ ಬದಲಾಯಿಸಿದ್ದೇನೆ ಅಂತ ಗುರುತು ಮಾತ್ರ ಹಾಕಿಲ್ಲ. ಅವನ ನುಡಿಸಾಣಿಕೆ ಕೇಳಿ ಕಣ್ಣೀರು ಹಾಕಿದವನು ನಾನು, ಆ ಮಾತು ಬೇರೆ.

ನಮ್ಮ ಆಟದಲ್ಲೂ ಹೀಗೇ. ಬಯಲು, ರಾತ್ರಿಯಿಡೀ ಆಟ, ಮೈಕಿಲ್ಲ. ಭಾಗವತನ ಪದ ಗದ್ದೆಯ ಆಚೆ ಅಂಚಿನವರೆಗೆ ಕೇಳಬೇಕು. ಹಾಗಾಗಿ ಏರು ಶ್ರುತಿ. ಹಿಂದೆ ಶ್ರುತಿಗೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು. ಹಿರಿಯಡ್ಕ ಗೋಪಾಲರಾಯರು (1919–2020) ಏರು ಮದ್ದಳೆಯನ್ನು ರೂಢಿಗೆ ತಂದರು. ನೂರು ವರ್ಷ ದಾಟಿ ಬದುಕಿದ ಆ ಹಿರಿಯರಿಂದ ಕಲಿಯಲಿಕ್ಕೆ ಅಮೆರಿಕದಿಂದ ಮಾರ್ಥಾ ಆಶ್ಟನ್ ಬಂದಿದ್ದರು. ಈಗ 'ಪರಂಪರೆ' ಅಂತ ನಾವು ಕೈಮುಗಿಯುವ ಮದ್ದಳೆಯ ನಾದ ಒಬ್ಬ ಮನುಷ್ಯನ ಆಯುಷ್ಯದೊಳಗೆ ಬಂದದ್ದು! ಮೈಕ್ ಬಂದ ಮೇಲೆ ಕೂಗುವ ಅಗತ್ಯ ತಪ್ಪಿತು, ಪಿಸುಮಾತಿನಲ್ಲೂ ರಾಗ ಎಳೆಯಬಹುದಾಯಿತು. ಗುಂಡ್ಮಿ ಕಾಳಿಂಗ ನಾವುಡರು (1958–1990) ಬಡಗಿನ ರಂಗಕ್ಕೆ ಹೊಸ ಹೊಸ ರಾಗ ತಂದದ್ದು, ಕ್ಯಾಸೆಟ್ಟಿನಲ್ಲಿ ಅದು ಮನೆಮನೆಗೆ ಹೋದದ್ದು ಈ ಕಾಲದಲ್ಲಿ. ತೆಂಕಿನಲ್ಲಿ ಅದೇ ಹೊತ್ತಿಗೆ ಬಲಿಪ ನಾರಾಯಣ ಭಾಗವತರು (1938–2023) ಅಜ್ಜನಿಂದ ಬಂದ ಧಾಟಿಯನ್ನು ಬಿಡಲಿಲ್ಲ, ಏರು ಶ್ರುತಿಯನ್ನೂ ಬಿಡಲಿಲ್ಲ. ನಾವುಡರ ಅಭಿಮಾನಿಗಳಿಗೂ ಬಲಿಪರ ಅಭಿಮಾನಿಗಳಿಗೂ ಕಾಪುವಿನ ಪೇಟೆಯಲ್ಲಿ ಚಾ ಕುಡಿಯುತ್ತಾ ಆದ ಜಗಳಗಳನ್ನು ನಾನೇ ಕೇಳಿದ್ದೇನೆ. ಸೆಗೋವಿಯಾ ಹೆಚ್ಚೋ ಹಳೇ ತಂತಿ ಹೆಚ್ಚೋ ಅನ್ನುವ ಜಗಳಕ್ಕೂ ಅದಕ್ಕೂ ಭಾಷೆ ಮಾತ್ರ ಬೇರೆ.

ಇನ್ನು ಹೇಳದೆ ಬದಲಾಯಿಸುವವರ ವಿಷಯ. ಇಲ್ಲಿ ನಮ್ಮ ನಂದಳಿಕೆಯ ಮುದ್ದಣ ಬರಬೇಕು. ನಂದಳಿಕೆ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡವರು, ಉಡುಪಿಯಲ್ಲಿ ಡ್ರಿಲ್ ಮಾಸ್ತರು. (ಕಾಪುವಿನ ದೀಪಸ್ತಂಭ ಕಟ್ಟಿದ್ದೂ 1901ರಲ್ಲೇ. ಮಾಸ್ತರು ನೋಡಿರಲಾರರು.) 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಅವರ ಯಕ್ಷಗಾನ ಪ್ರಸಂಗಗಳು. ಗಿಟಾರಿನಲ್ಲಿ ಅವರ ಸಮಕಾಲೀನ ಯಾರು ಅಂದರೆ ಫ್ರಾನ್ಸಿಸ್ಕೊ ತಾರ್ರೆಗಾ (1852–1909). ಹೆಸರು ಕೇಳಿಲ್ಲ ಅನ್ನಬೇಡಿ. ಉಡುಪಿ-ಮಣಿಪಾಲ ಬಸ್ಸಿನಲ್ಲಿ ಒಂದು ಕಾಲಕ್ಕೆ ಹತ್ತು ಕಿಸೆಗಳಲ್ಲಿ ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ನೋಕಿಯಾ ಟ್ಯೂನ್ ತಾರ್ರೆಗಾನ 'ಗ್ರಾನ್ ವಾಲ್ಸ್'ನಿಂದ ಕಿತ್ತ ಒಂದು ತುಂಡು.

ಮುದ್ದಣ ತಮ್ಮ ಹಳಗನ್ನಡ ಕಾವ್ಯವನ್ನು ತಮ್ಮದು ಅಂತ ಹೇಳಿಕೊಳ್ಳಲಿಲ್ಲ. ಯಾರೋ ಹಿಂದಿನ ಕವಿಯದು ಎಂಬಂತೆ ಮೈಸೂರಿಗೆ ಕಳಿಸಿದರು. ಪಂಡಿತರು ಹಳೆಯದು ಅಂತಲೇ ಓದಿದರು. ಡ್ರಿಲ್ ಮಾಸ್ತರು ಬರೆದದ್ದು ಅಂತ ಕೊಟ್ಟಿದ್ದರೆ ಯಾರು ಓದುತ್ತಿದ್ದರು? ಗಿಟಾರಿನಲ್ಲೂ ಇಂಥದೇ ಒಂದು ಉಂಟು. ಮೆಕ್ಸಿಕೋದ ಮಾನುಯೆಲ್ ಪೋನ್ಸೆ (1882–1948) ಹಳೇ ಶೈಲಿಯಲ್ಲಿ ಒಂದು ಸೂಟ್ ಬರೆದ. ಸೆಗೋವಿಯಾ ಅದನ್ನು ಬಾಖ್‌ನ ಕಾಲದ ಲ್ಯೂಟ್ ವಾದಕ ವೈಸ್‌ನದು ಅಂತ ಹೇಳಿ ನುಡಿಸಿದ, ರೆಕಾರ್ಡೂ ಮಾಡಿದ. ಕೇಳಿದವರು ಹದಿನೆಂಟನೇ ಶತಮಾನವನ್ನೇ ಕೇಳಿದರು. ಅದು ಪೋನ್ಸೆಯದು ಅಂತ ತಿಳಿದ ಮೇಲೆ ಒಂದು ಸ್ವರವೂ ಬದಲಾಗಲಿಲ್ಲ. ಆದರೂ ಅದನ್ನು ನುಡಿಸುವಾಗ ನನ್ನ ಕೈ ಈಗ ಬೇರೆ ರೀತಿ ಹೋಗುತ್ತದೆ. ಮುಂಚೆ ಸಂಯಮ ಅಂತ ತಡೆಹಿಡಿಯುತ್ತಿದ್ದ ಕಡೆ ಈಗ ಸಡಿಲ ಬಿಡುತ್ತೇನೆ. ಹಳೆಯದು ಅಂತ ಒಂದು ಚೀಟಿ ಅಂಟಿಸಿದರೆ ಕೈಯೂ ಕಿವಿಯೂ ಅದಕ್ಕೆ ತಲೆಬಾಗುತ್ತವೆ.

ನಾನೂ ಅಂಥದೇ ಒಂದು ಚೀಟಿ ಅಂಟಿಸಿದವನು. ಸಾನ್ಸ್‌ನ ತಂತಿ ಕಟ್ಟಿ ಉಬ್ಬಿದ ಉತ್ಸಾಹದಲ್ಲಿ, ಮಾವ ಹಾಡುತ್ತಿದ್ದ 'ಕುಮಾರ ವಿಜಯ'ದ ಒಂದು ಪದವನ್ನು ಹಿಡಿದಿಡಬೇಕು ಅಂತ ಹೊರಟೆ. ಈಗಿನ ಭಾಗವತರು ಹಾಡುವುದಕ್ಕೂ ಅದಕ್ಕೂ ಅಜಗಜ ವ್ಯತ್ಯಾಸ. ಮಾವನಿಗೆ ಕಲಿಸಿದ ಗುರುಗಳು ನಂದಳಿಕೆಯ ಹತ್ತಿರದವರೇ. ಹಾಗಾದರೆ ಇದು ಮುದ್ದಣನ ಕಾಲದ ಮಟ್ಟು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಮೂರು ಶನಿವಾರ ಕಾರ್ಕಳಕ್ಕೆ ಹೋಗಿ ಫೋನಿನಲ್ಲಿ ರೆಕಾರ್ಡು ಮಾಡಿ, ಸ್ವರ ಬರೆದು, ಗಿಟಾರಿನಲ್ಲಿ ನುಡಿಸಿ ಕೇಳಿಸಿದೆ.

ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಒಳ್ಳೇದುಂಟು. ಇದು ನಿನ್ನ ಪೆಟ್ಟಿಗೆಯ ಪದ ಆಯ್ತು, ನನ್ನದಲ್ಲ" ಅಂದರು.

ಯಾಕೆ ಅಂತ ಗೊತ್ತಾಗಲು ರೆಕಾರ್ಡನ್ನು ಮತ್ತೆ ಮತ್ತೆ ಕೇಳಬೇಕಾಯಿತು. ಎರಡನೇ ಸಾಲಿನ ಕೊನೆಗೆ ಅವರ ಒಂದು ಸ್ವರ ಎರಡು ಫ್ರೆಟ್‌ಗಳ ನಡುವೆ ತೂಗುತ್ತಿತ್ತು. ನಾನು ಅದನ್ನು ಹತ್ತಿರದ ಫ್ರೆಟ್ಟಿಗೆ ತಂದು ಕೂರಿಸಿದ್ದೆ, ಮಾವ ಸ್ವಲ್ಪ ಜಾರಿದ್ದಾರೆ ಅಂದುಕೊಂಡು. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ದೂರ ಇಟ್ಟದ್ದು ಇದೇ ಕಾರಣಕ್ಕೆ, ಅದರ ಕಟ್ಟೆಗಳ ನಡುವೆ ಸ್ವರಕ್ಕೆ ನಿಲ್ಲಲು ಜಾಗ ಇಲ್ಲ ಅಂತ. ಗಿಟಾರಿನಲ್ಲಿ ತಂತಿ ಎಳೆದು ಅಷ್ಟಿಷ್ಟು ತೂಗಿಸಬಹುದು. ನಾನು ಅದನ್ನೂ ಮಾಡಿರಲಿಲ್ಲ. ಸೆಗೋವಿಯಾನನ್ನು ಬೈದ ಬಾಯಿಯಲ್ಲಿ ಮಾವನ ಸ್ವರ ತಿದ್ದಿದ್ದೆ, ಗುರುತು ಹಾಕದೆ.

ತಿದ್ದಿಕೊಂಡು ಮತ್ತೆ ಹೋದೆ. ಈ ಸಲ ತಲೆದೂಗಿದರು. ಖುಷಿಯಲ್ಲಿ ಕೇಳಿದೆ, "ಮಾವ, ಇದು ಮುದ್ದಣನ ಕಾಲದಿಂದ ಬಂದದ್ದೇ ಅಲ್ವಾ?"

"ಯಾರು ಹೇಳಿದ್ದು ನಿಂಗೆ?" ಅಂದರು. "ಪದ ಮುದ್ದಣನದ್ದು. ಮಟ್ಟು ನಾಟಕ ಕಂಪೆನಿಯದ್ದು. ನಮ್ಮ ಗುರುಗಳು ಪ್ರಾಯದಲ್ಲಿರುವಾಗ ಕಾರ್ಕಳಕ್ಕೆ ಒಂದು ಕಂಪೆನಿ ಬಂದಿತ್ತಂತೆ. ಅದರಲ್ಲಿ ರಾಜಪಾರ್ಟಿನವ ಹಾಡಿದ್ದು ಇವರಿಗೆ ಬಾಯಿಗೆ ಹತ್ತಿತು. ಪುಸ್ತಕದಲ್ಲಿದ್ದ ರಾಗ ಅವರಿಗೆ ಬರ್ತಿರಲಿಲ್ಲ. ಇದನ್ನೇ ಕೂರಿಸಿದ್ರು. ಕೂತಿತು."

ನನ್ನ ಮುಖ ನೋಡಿ ಅತ್ತೆಗೆ ಕರೆದು ಹೇಳಿದರು, "ಇವನಿಗೊಂದು ಚಾ ಕೊಡು ಮಾರಾಯ್ತಿ, ಪಾಪ."

ಮಾವ ಹೋಗಿ ಎರಡು ವರ್ಷ ಆಯಿತು. ಪ್ರಸಂಗದ ಪುಸ್ತಕಗಳು ನನ್ನ ಕೈಗೆ ಬಂದಿವೆ. ಮೊನ್ನೆ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಾ ಭಾಗವತಿಕೆ ಕಲಿಯುತ್ತಿರುವ ಹುಡುಗನೊಬ್ಬ ಬಂದಿದ್ದ. ಆ ಪದದ 'ಹಳೇ ಮಟ್ಟು' ನಿಮ್ಮಲ್ಲಿ ಉಂಟಂತೆ ಸರ್, ಸ್ಪರ್ಧೆಗೆ ಬೇಕಿತ್ತು ಅಂದ. ಹೌದು ಅಂದುಬಿಟ್ಟಿದ್ದರೆ ಕೆಲಸ ಸುಲಭ ಇತ್ತು. ತೀರ್ಪುಗಾರರೂ ಮೆಚ್ಚುತ್ತಿದ್ದರು, ಮಾವನ ಪದ ರಂಗದಲ್ಲಿ ಉಳಿಯುತ್ತಿತ್ತು. ಒಂದು ನಿಮಿಷ ಹಾಗೇ ಕೂತಿದ್ದೆ. ಆಮೇಲೆ ರೆಕಾರ್ಡನ್ನು ಕೊಟ್ಟು, ಕಂಪೆನಿಯ ಕತೆಯನ್ನೂ ಹೇಳಿದೆ. ಅವನಿಗೆ ಸ್ವಲ್ಪ ನಿರಾಸೆ ಆದ ಹಾಗೆ ಕಂಡಿತು.

ಹೋದ ಮೇಲೆ ಪುಸ್ತಕದಲ್ಲಿ ರಾಗದ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಬರೆದೆ: 'ಮಾವ ಹಾಡಿದ್ದು ಇದಲ್ಲ. ಅವರ ಗುರುಗಳು ನಾಟಕದಿಂದ ತಂದ ಮಟ್ಟು. ಎರಡನೇ ಸಾಲಿನ ಕೊನೇ ಸ್ವರ ಫ್ರೆಟ್ಟಿಗೆ ಸಿಗುವುದಿಲ್ಲ.'

ವಾರ ಬಿಟ್ಟು ಹುಡುಗ ಹಾಡಿ ಕಳಿಸಿದ. ಎರಡನೇ ಸಾಲು ಮಾವನ ಹಾಗೇ ತೂಗುತ್ತಿತ್ತು. ಮೂರನೇ ಸಾಲಿನಲ್ಲಿ ಮಾವನದ್ದಲ್ಲದ ಒಂದು ತಿರುವು, ಅವನದೇ ಇರಬೇಕು. ಅದನ್ನೂ ಕೆಳಗೆ ಬರೆದು ದಿನಾಂಕ ಹಾಕಿದೆ.